ಗಂಟೆಗೆ ಹದಿನೈದು ನಿಮಿಷ ಹಿಂದೆ ಬಿದ್ದ ಮಶೀನು

ಕಮಲಾಪುರ

೧೯೮೪ರಲ್ಲಿ ನಾನು ಓದು ಬಿಟ್ಟೆ, ಒಂಬತ್ತನೇ ಇಯತ್ತೆಯ ನಡುವೆ. ಫೇಲಾಗಿ ಬಿಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಲಬುರಗಿಯಲ್ಲಿ ಒಬ್ಬ ರೇಡಿಯೊ ರಿಪೇರಿಯವರ ಹತ್ತಿರ ಕೆಲಸ ಸಿಕ್ಕಿತು. ಭೂಗೋಳದ ಪುಸ್ತಕಕ್ಕಿಂತ ಬೆಸುಗೆ ಕಡ್ಡಿ ನನ್ನ ಕೈಗೆ ಚೆನ್ನಾಗಿ ಒಗ್ಗಿತು. ರೇಡಿಯೊ ಹೋಗಿ ಟಿ.ವಿ. ಬಂತು, ಟಿ.ವಿ.ಯ ಬೆನ್ನಿಗೆ ಕಂಪ್ಯೂಟರ್ ಬಂತು. ಪ್ರತಿ ಸಲವೂ ಹೊಸದಾಗಿ ಕಲಿತೆ. ಬಿಚ್ಚಿದೆ, ಕೆಡಿಸಿದೆ, ಸರಿ ಮಾಡಿದೆ. ಕಲಬುರಗಿಯ ಕೋಟೆಯ ಹತ್ತಿರ ಅನ್ವರ್ ಮತ್ತು ನಾನು ಪಾಲಿನಲ್ಲಿ ನಡೆಸುವ ಅಂಗಡಿಗೆ ಇಂಜಿನಿಯರಿಂಗ್ ಓದಿದವರೂ ಕೆಟ್ಟ ಮಶೀನು ಹೊತ್ತುಕೊಂಡು ಬರುತ್ತಾರೆ.

ಇಂಥ ನಾನು ೨೦೦೮ರ ಅಕ್ಟೋಬರ್‌ನಲ್ಲಿ ಜರ್ಮನಿಯ ಕಾಸೆಲ್ ಎಂಬ ಊರಿಗೆ ಏಕೆ ಹೋದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಮೊದಲು ಎದ್ದು, ಉಳಿದೆಲ್ಲ ಕೆಲಸಕ್ಕೂ ಅಣಿ ಮಾಡಿಕೊಡುವುದು ಆಪರೇಟಿಂಗ್ ಸಿಸ್ಟಮ್. ಅದನ್ನು ಮಾರುವ ಕಂಪನಿಗಳಿವೆ. ಮಾರದೆ, ಬರೆದದ್ದನ್ನೆಲ್ಲ ಬಯಲಲ್ಲಿಟ್ಟು, ಯಾರು ಬೇಕಾದರೂ ತಿದ್ದಿ ಕಳಿಸಿ ಎನ್ನುವ ಗುಂಪುಗಳೂ ಇವೆ. ನಾನು ಸೇರಿಕೊಂಡದ್ದು ಅಂಥದೊಂದು ಚಿಕ್ಕ ಗುಂಪು. ಜನ ತಿದ್ದಿ ಕಳಿಸುವ ತುಂಡಿಗೆ ಪ್ಯಾಚ್ ಎನ್ನುತ್ತಾರೆ. ಒಂದೊಂದನ್ನೇ ಹಿಡಿದು ನೋಡಿದರೆ ಎಲ್ಲ ಪ್ಯಾಚ್ ಸರಿಯಾಗಿಯೇ ಇರುತ್ತದೆ. ರೇಡಿಯೊದ ಬಿಡಿಭಾಗಗಳೂ ಹಾಗೆಯೇ: ಮೀಟರ್ ಹಿಡಿದರೆ ಒಂದೊಂದೂ ಸರಿ, ಎಲ್ಲ ಬೆಸೆದು ಸ್ವಿಚ್ ಒತ್ತಿದರೆ ಗೊಂಯ್ ಎನ್ನುತ್ತದೆ. ಅದಕ್ಕೇ ಹೊಸ ಪ್ಯಾಚುಗಳನ್ನು ಹಳೆಯದರ ಜೊತೆ ಕೂಡಿಸಿ, ನಾನಾ ನಮೂನೆಯ ಮಶೀನುಗಳ ಮೇಲೆ ಓಡಿಸಿ ನೋಡಬೇಕು. ಈ ಕೂಡಿಸಿ ನೋಡುವ ಕೆಲಸ ನನ್ನದು. ನಾನು ಒಂದು ಸಾಲೂ ಕೋಡ್ ಬರೆದವನಲ್ಲ.

ಕಚೇರಿಗಳು ಹರಾಜು ಹಾಕಿದ ಹನ್ನೊಂದು ಹಳೆಯ ಮಶೀನುಗಳು ಕಲಬುರಗಿಯ ಹತ್ತಿರದ ಕಮಲಾಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿವೆ. ಅಂಗಡಿಯಲ್ಲಿ ಇಂಟರ್ನೆಟ್ಟಿನಿಂದ ಇಳಿಸಿದ್ದನ್ನು ಹಾರ್ಡ್ ಡಿಸ್ಕಿಗೆ ತುಂಬಿ, ಬಸ್ಸಿನಲ್ಲಿ ಊರಿಗೆ ಒಯ್ದು, ಎಲ್ಲದಕ್ಕೂ ಹಾಕಿ, ಮರುದಿನ ಫಲಿತಾಂಶ ತಂದು ಕಳಿಸುತ್ತೇನೆ. ಒಂದೊಂದು ಮಶೀನಿಗೆ ಒಂದು 'ಹೌದು' ಅಥವಾ ಒಂದು 'ಇಲ್ಲ'. ಗುಂಪಿನ ನಿಯಮ ಸರಳ: ಪರೀಕ್ಷೆಯ ಪಟ್ಟಿಯಲ್ಲಿರುವ ಯಾವುದೇ ಮಶೀನು 'ಇಲ್ಲ' ಎಂದರೂ ಆ ಪ್ಯಾಚ್ ಒಳಗೆ ಹೋಗುವಂತಿಲ್ಲ. ಕಮಲಾಪುರದಿಂದ ಹೊರಟ ಒಂದು 'ಇಲ್ಲ' ಎಷ್ಟೋ ಓದಿದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿತ್ತು. ಅದರ ಹೆಮ್ಮೆ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ವರ್ಷದ ಏಪ್ರಿಲ್‌ನಲ್ಲಿ ಪೋಲೆಂಡಿನ ಮಾರ್ಟಾ ಎಂಬ ಹುಡುಗಿ ಒಂದು ಪ್ಯಾಚ್ ಕಳಿಸಿದಳು. ಮಶೀನಿನೊಳಗಿನ ಗಡಿಯಾರವನ್ನು ಹೊಸದಾಗಿ ಬರೆದಿದ್ದಳು. ಮಶೀನು ಬೇಗ ಏಳುತ್ತದೆ ಎಂದು ಎಲ್ಲರೂ ಹೊಗಳಿದರು. ಜಗತ್ತಿನ ಎಲ್ಲ ಮಶೀನುಗಳೂ 'ಹೌದು' ಎಂದವು. ನನ್ನ ಏಳನೇ ನಂಬರಿನ ಮಶೀನು 'ಇಲ್ಲ' ಎಂದಿತು. ಹೊಸ ಗಡಿಯಾರ ಹಾಕಿದರೆ ಅದು ಗಂಟೆಗೆ ಹದಿನೈದು ನಿಮಿಷ ಹಿಂದೆ ಬೀಳುತ್ತಿತ್ತು.

ನನ್ನ ಇಂಗ್ಲಿಷನ್ನು ತಿದ್ದಿಕೊಡುವವರು ಜೇವರ್ಗಿ ಕಾಲೋನಿಯಲ್ಲಿ ಟ್ಯೂಶನ್ ಹೇಳುವ ವಿಠಲರಾವ್ ಮಾಸ್ತರರು. ಅವರದು ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಕಾಗದದ ಮೇಲೆ ಇಂಗ್ಲಿಷು. ಪ್ರತಿ 'ಇಲ್ಲ'ಕ್ಕೂ ಒಂದು ಫಾರ್ಮು ತುಂಬಬೇಕು. ಅವರು ಓದಿದರು:

"ಸಿದ್ರಾಮಪ್ಪನವರ, ಇಲ್ಲಿ ಕೇಳ್ಯಾರ ನೋಡ್ರಿ. ಮಶೀನದಾಗ ನೀವು ಏನರೆ ಬದಲ ಮಾಡೀರೇನು ಅಂತ. ಏನ್ ಬರೀಲಿ?"

"ಇಲ್ಲ ಅಂತ ಬರೀರಿ ಸರ್. ಕಂಪನಿ ಹೆಂಗ ಕೊಟ್ಟದ ಹಂಗ ಅದ."

ಮಾರ್ಟಾ ಅದನ್ನೇ ಮತ್ತೆ ಮೂರು ಸಲ ಕೇಳಿ ಬರೆದಳು. ಮೂರನೇ ಸಲ ನನಗೆ ಸಿಟ್ಟು ಬಂತು.

"ಈ ಹುಡುಗಿ ನನಗ ಸುಳ್ಳ ಅಂತಾಳೇನ್ರಿ? ಇಪ್ಪತ್ನಾಲ್ಕ್ ವರ್ಷ ಆತು ಕೈಯಾಗ ಪಕ್ಕಡ, ಬೆಸುಗೆ ಕಡ್ಡಿ ಹಿಡದು."

"ಅಯ್ಯ, ಕೇಳ್ಯಾಳ ಅಷ್ಟ. ಅದಕ್ಯಾಕ ಇಷ್ಟ್ ಚಿಡತೀರಿ?" ಎಂದು ಮಾಸ್ತರರು ಮತ್ತೊಮ್ಮೆ 'ಇಲ್ಲ' ಎಂದೇ ಬರೆದರು.

ಆರು ತಿಂಗಳು ಅವಳ ಗಡಿಯಾರ ಹೊರಗೇ ನಿಂತಿತು. ಆಗ ಪರೀಕ್ಷೆಯ ಪಟ್ಟಿ ನೋಡಿಕೊಳ್ಳುವ ಜರ್ಮನಿಯ ಡೀಟರ್ ಪತ್ರ ಬರೆದ. ಕಾಸೆಲ್‌ನಲ್ಲಿ ನಾಲ್ಕು ದಿನ ಗುಂಪಿನವರೆಲ್ಲ ಸೇರುತ್ತಾರೆ, ಟಿಕೆಟ್ ಗುಂಪಿನದೇ, ಏಳನೇ ಮಶೀನನ್ನು ನೀನೇ ಹಿಡಿದುಕೊಂಡು ಬಾ. ಭಾನುವಾರ ಸಂಜೆಗೆ ಈ ವರ್ಷದ ಆವೃತ್ತಿಯ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಎರಡರಲ್ಲಿ ಒಂದು ತೀರ್ಮಾನ ಆಗಬೇಕು: ಮಾರ್ಟಾಳ ಗಡಿಯಾರ ಕೆಟ್ಟದ್ದೋ, ಇಲ್ಲ ನಿನ್ನ ಮಶೀನುಗಳು ಪಟ್ಟಿಯಲ್ಲಿ ಇರಲು ಯೋಗ್ಯವಲ್ಲವೋ. ಡೀಟರ್ ಇಷ್ಟು ಒರಟಾಗಿ ಬರೆದಿರಲಿಲ್ಲ. ವಿಠಲರಾಯರು ಓದಿ ಹೇಳಿದ ಅರ್ಥ ಇದೇ.

"ಹೋಗು ಭಾಯ್," ಎಂದ ಅನ್ವರ್. "ಮಶೀನ್ ಅವ್ರ ಮುಂದ ಇಟ್ಟು ತೋರಿಸಿ ಬಾ. ಗುಲಬರ್ಗಾದವ್ರು ಝೂಟ್ ಹೇಳಂಗಿಲ್ಲ ಅಂತ ಗೊತ್ತಾಗ್ಲಿ."

ಫ್ರಾಂಕ್‌ಫರ್ಟ್

ಇಡೀ ಮಶೀನು ಒಯ್ಯುವುದು ಆಗದ ಮಾತು. ಡಬ್ಬಿ ಬಿಟ್ಟು, ಪ್ರೊಸೆಸರ್ ಕೂತ ಮದರ್‌ಬೋರ್ಡನ್ನೂ ಒಂದು ಡಿಸ್ಕನ್ನೂ ತೆಗೆದುಕೊಂಡೆ. ಅವುಗಳಿಗೆ ಮೆತ್ತನೆಯ ಹೊದಿಕೆ ಬೇಕಿತ್ತು. ನನ್ನ ಹೆಂಡತಿ ಶಾಂತಾಬಾಯಿ ಒಂದು ಚಿಕ್ಕ ಕೌದಿ ಕೊಟ್ಟಳು, ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದದ್ದು.

ಫ್ರಾಂಕ್‌ಫರ್ಟಿನ ಕಸ್ಟಮ್ಸ್‌ನಲ್ಲಿ ಎಲ್ಲರನ್ನೂ ಬಿಟ್ಟು ನನ್ನನ್ನು ನಿಲ್ಲಿಸಿದರು. ಅಧಿಕಾರಿ ಚೀಲ ತೆರೆದು ಕೌದಿ ಬಿಚ್ಚಿದ. ಒಳಗೆ ಬೋರ್ಡು, ಅದರಿಂದ ಜೋತಾಡುವ ವೈರು. ಇದೇನು ಎಂದು ಕೇಳಿದ. ನಾನು ವಿಮಾನದಲ್ಲಿ ಉದ್ದಕ್ಕೂ ಇಂಗ್ಲಿಷ್ ವಾಕ್ಯ ಜೋಡಿಸುತ್ತ ಕೂತವನು. ಕೇಳಿದ ಕೂಡಲೇ ಒಂದೂ ಬಾಯಿಗೆ ಬರಲಿಲ್ಲ. ಇದರ ಗಡಿಯಾರದಲ್ಲಿ ತೊಂದರೆ ಇದೆ, ಅದಕ್ಕೇ ತಂದಿದ್ದೇನೆ ಎಂದುಬಿಟ್ಟೆ.

ವೈರು ಜೋತಾಡುವ ವಸ್ತುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಿಮಾನ ನಿಲ್ದಾಣಕ್ಕೆ ಬಂದವನು ಗಡಿಯಾರದ ಮಾತು ಆಡಬಾರದು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದ. ಒಂದು ನಾಯಿ ಬಂತು, ಇಬ್ಬರು ಪೊಲೀಸರು ಬಂದರು. ನಾಯಿ ಬೋರ್ಡನ್ನು ಕಣ್ಣೆತ್ತಿಯೂ ನೋಡಲಿಲ್ಲ. ಪಕ್ಕದಲ್ಲಿದ್ದ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಯ ಮುಂದೆ ಕೂತುಬಿಟ್ಟಿತು. ಡೀಟರ್‌ನ ಪತ್ರ ತೋರಿಸಿದ ಮೇಲೆ ಎಲ್ಲ ತಿಳಿಯಾಯಿತು. ಬಂದವರಲ್ಲಿ ಒಬ್ಬ ಪೊಲೀಸಿನಾಕೆ ಕೌದಿಯ ಹೊಲಿಗೆಯನ್ನು ಬೆರಳಿನಿಂದ ತಡವಿ, ಇದನ್ನು ಯಾರು ಹೊಲಿದರು ಎಂದು ಕೇಳಿದಳು. ನನ್ನ ಹೆಂಡತಿ ಎಂದೆ. ಅವಳು ಬೋರ್ಡನ್ನು ನನಗಿಂತ ನಾಜೂಕಾಗಿ ಮತ್ತೆ ಸುತ್ತಿ ಕೊಟ್ಟಳು.

ಕಾಸೆಲ್, ಗುರುವಾರ

ಕಾಸೆಲ್ ನಮ್ಮ ಕಲಬುರಗಿಗಿಂತ ಚಿಕ್ಕ ಊರು. ಟ್ರಾಮ್ ಓಡುತ್ತದೆ, ಯಾರೂ ಹಾರ್ನ್ ಹೊಡೆಯುವುದಿಲ್ಲ. ಮೊದಲ ದಿನ ನನಗೆ ಕಿವಿ ಮುಚ್ಚಿಕೊಂಡ ಹಾಗಾಗಿತ್ತು. ಹಳೆಯದೊಂದು ಶಾಲೆಯ ಕಟ್ಟಡದಲ್ಲಿ ಮೂವತ್ತು ಜನ ಸೇರಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನರಿಗೆ ಇಂಗ್ಲಿಷ್ ಸ್ವಂತದ್ದಲ್ಲ, ನನಗೂ ಅಲ್ಲ. ಆದ್ದರಿಂದ ಎಲ್ಲರೂ ನಿಧಾನಕ್ಕೆ ಮಾತಾಡುತ್ತಿದ್ದರು, ನನಗೆ ಅನುಕೂಲವಾಯಿತು. ಇಲ್ಲಿ ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ಡೀಟರ್‌ಗೆ ಐವತ್ತು ದಾಟಿರಬಹುದು. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಅವನು ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, "ಇವರು ಕಮಲಾಪುರದ ಹನ್ನೊಂದು ಮಶೀನಿನವರು" ಎಂದ. ಕೂಡಲೇ ಮೂವತ್ತು ಜನರೂ ಗೆಣ್ಣಿನಿಂದ ಮೇಜು ಬಡಿಯತೊಡಗಿದರು. ಮಾರ್ಟಾಳ ಪರವಾಗಿ ನನ್ನನ್ನು ಎಬ್ಬಿಸಿ ಕಳಿಸುತ್ತಿದ್ದಾರೆ ಎಂದುಕೊಂಡೆ. ಹೇಳಬೇಕೆಂದಿದ್ದ ನಾಲ್ಕು ಮಾತನ್ನೂ ನುಂಗಿ ಕೂತುಬಿಟ್ಟೆ. ಪಕ್ಕದವನು ಆಮೇಲೆ ಹೇಳಿದ: ಅವರಲ್ಲಿ ಓದಿದವರ ಸಭೆಯಲ್ಲಿ ಚಪ್ಪಾಳೆ ತಟ್ಟುವುದಿಲ್ಲವಂತೆ, ಮೇಜು ಬಡಿಯುತ್ತಾರಂತೆ. ನಮ್ಮಲ್ಲಿ ಮೇಜು ಬಡಿದರೆ ಮುಂದೆ ಕುರ್ಚಿ ಹಾರುವ ಹೊತ್ತು ಎಂದರ್ಥ.

ಸಂಜೆ ಆರಕ್ಕೇ ಊಟ. ಒಲೆಯನ್ನೇ ಹಚ್ಚಲಿಲ್ಲ. ಬ್ರೆಡ್ಡು, ಚೀಸು, ಸೌತೆಕಾಯಿ. ನೀರು ಕುಡಿದರೆ ಅದು ಗೋಲಿ ಸೋಡಾ, ಉಪ್ಪು ನಿಂಬೆ ಇಲ್ಲದ್ದು. ನಾನು ಖಡಕ್ ರೊಟ್ಟಿಯ ಗಂಟು ಬಿಚ್ಚಿ ಎಲ್ಲರಿಗೂ ಕೊಟ್ಟೆ. ಎಷ್ಟು ದಿನ ಇರುತ್ತದೆ ಎಂದು ಡೀಟರ್ ಕೇಳಿದ. ತಿಂಗಳು ಕೆಡುವುದಿಲ್ಲ ಎಂದೆ. ಅವನು ಅರ್ಧ ರೊಟ್ಟಿ ತಿಂದು, ಉಳಿದರ್ಧಕ್ಕೆ ಚೀಟಿ ಅಂಟಿಸಿ, ಅಂದಿನ ತಾರೀಕು ಬರೆದು, ಕಪಾಟಿನ ಮೇಲಿಟ್ಟ. ನೋಡೋಣ ಎಂದ. ನನಗೆ ಸಿಟ್ಟು ಬರಲಿಲ್ಲ. ಹೇಳಿದ್ದನ್ನು ನಂಬದೆ ಇಟ್ಟು ನೋಡುವವನೇ ಪರೀಕ್ಷೆಯ ಪಟ್ಟಿಗೆ ತಕ್ಕವನು ಎಂದುಕೊಂಡೆ.

ಮಾರ್ಟಾ ಊಟದ ಮೇಜಿನ ಆ ತುದಿಯಲ್ಲಿದ್ದಳು. ಇಪ್ಪತ್ತೈದು ಇಪ್ಪತ್ತಾರರ, ತೆಳ್ಳಗಿನ, ಕತ್ತರಿಸಿದ ಕೂದಲಿನ ಹುಡುಗಿ. ಎದ್ದು ಬಂದು ಕೈ ಕುಲುಕಿದಳು.

"ನಾನು ಅದನ್ನು ಹನ್ನೆರಡು ಸಲ ತಿರುಗಿ ಬರೆದಿದ್ದೇನೆ. ನಿಮ್ಮ ಮಶೀನು ಹನ್ನೆರಡು ಸಲವೂ ಇಲ್ಲ ಎಂದಿದೆ," ಎಂದಳು.

"ಮಶೀನಿಗೆ ಯಾರ ಮೇಲೂ ದ್ವೇಷ ಇಲ್ಲ," ಎಂದೆ ನಾನು. ಬಹಳ ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತು. ಅವಳು ನಗಲಿಲ್ಲ.

ಶುಕ್ರವಾರ, ಮಶೀನುಗಳ ಕೋಣೆ

ಶಾಲೆಯ ನೆಲಮಾಳಿಗೆಯಲ್ಲಿ ಡೀಟರ್‌ನ ಮಶೀನುಗಳಿದ್ದವು. ಇಪ್ಪತ್ತಕ್ಕೂ ಹೆಚ್ಚು, ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟಿನಲ್ಲಿ. ಎಲ್ಲದಕ್ಕೂ ಚೀಟಿ. ಬೆಳಿಗ್ಗೆ ಬಂದ ಕೂಡಲೇ ಅವನು ಮಾಡಿದ ಮೊದಲ ಕೆಲಸ ಕಿಟಕಿಗಳನ್ನೆಲ್ಲ ಹಾರು ಹೊಡೆದು ತೆರೆದದ್ದು. ಹೊರಗೆ ಬಾಯಿಂದ ಹೊಗೆ ಬರುವಂಥ ಚಳಿ. ಐದು ನಿಮಿಷ ಹೊಸ ಗಾಳಿ ಆಡಬೇಕಂತೆ, ಇಡೀ ದೇಶವೇ ಹೀಗೆ ಮಾಡುತ್ತದಂತೆ. ನಾನು ಮಫ್ಲರ್ ಸುತ್ತಿಕೊಂಡು ನಿಂತೆ. ನಮ್ಮಲ್ಲಿ ಮಶೀನಿಗೆ ಗಾಳಿ ಎಂದರೆ ಡಬ್ಬಿಯ ಬಗಲು ತೆಗೆದು ಟೇಬಲ್ ಫ್ಯಾನ್ ಇಡುವುದು. ಮೇ ತಿಂಗಳಲ್ಲಿ ಆ ಫ್ಯಾನೂ ಒಲೆಯ ಗಾಳಿಯನ್ನೇ ಊದುತ್ತದೆ.

ನನ್ನ ಬೋರ್ಡಿನ ಜಾತಿಯದೇ ಒಂದು ಬೋರ್ಡು ಡೀಟರ್‌ನ ಕಪಾಟಿನಲ್ಲೂ ಇತ್ತು. ಅದು ಮೊದಲಿನಿಂದಲೂ 'ಹೌದು' ಎನ್ನುತ್ತಿತ್ತು. ನನ್ನದನ್ನು ಅದರ ಪಕ್ಕ ಹಲಗೆಯ ಮೇಲೆ ಮಲಗಿಸಿ, ಕರೆಂಟ್ ಕೊಟ್ಟು, ಎರಡಕ್ಕೂ ಮಾರ್ಟಾಳ ಗಡಿಯಾರ ಹಾಕಿದೆವು. ನನ್ನದಕ್ಕೆ ಪರದೆ ಜೋಡಿಸಲಿಲ್ಲ. ನೆಟ್‌ವರ್ಕ್ ವೈರಿನಿಂದಲೇ ನೋಡಿದರೆ ಸಾಕಿತ್ತು. ಗೋಡೆ ಗಡಿಯಾರದಲ್ಲಿ ಸರಿಯಾಗಿ ಹನ್ನೊಂದು.

ಡೀಟರ್ ಚಹಾ ಮಾಡಿದ, ಹಾಲಿಲ್ಲದ್ದು. ಮಾರ್ಟಾ ಕುಡಿಯಲಿಲ್ಲ. ಹನ್ನೆರಡು ಹೊಡೆದಾಗ ಏಳೆಂಟು ಜನ ಬಂದು ಸುತ್ತ ನಿಂತರು. ಡೀಟರ್‌ನ ಬೋರ್ಡು ಹನ್ನೆರಡು ಎಂದಿತು. ನನ್ನದು ಹನ್ನೊಂದು ನಲವತ್ತೈದು ಎಂದಿತು.

ನನ್ನ ಎದೆ ಇಷ್ಟಗಲವಾಯಿತು. ನಾಲ್ಕು ಸಾವಿರ ಮೈಲಿ ಹೊತ್ತು ತಂದ ಬೋರ್ಡು ಮಾತು ಉಳಿಸಿತ್ತು. "ನೋಡಿದಿರಾ? ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ನನ್ನ ಮಶೀನು ಸುಳ್ಳು ಹೇಳುವುದಿಲ್ಲ," ಎಂದೆ. ಇದನ್ನು ನಾನು ಹೇಳಬಾರದಿತ್ತು. ಯಾರೂ ಕೇಳಿರಲಿಲ್ಲ. ಮಾರ್ಟಾಳ ಮುಖ ಸುಣ್ಣ ಬಳಿದ ಹಾಗಾಗಿತ್ತು.

ಅವಳು ಮೆಲ್ಲಗೆ ಹೇಳಿದಳು. "ಪ್ರತಿ ಸಲವೂ ಹದಿನೈದೇ ನಿಮಿಷ. ಹದಿನಾಲ್ಕಲ್ಲ, ಹದಿನಾರಲ್ಲ. ಸರಿಯಾಗಿ ಕಾಲು ಭಾಗ. ಕೆಟ್ಟ ಮಶೀನು ಇಷ್ಟು ಲೆಕ್ಕವಾಗಿ ಕೆಡುವುದಿಲ್ಲ. ದಯವಿಟ್ಟು ಇದಕ್ಕೊಂದು ಪರದೆ ಜೋಡಿಸೋಣ. ಮೊದಲಿನಿಂದ ಏಳುವುದನ್ನು ನೋಡಬೇಕು."

ಜೋಡಿಸಿದೆವು. ಸ್ವಿಚ್ ಒತ್ತಿದೆ. ಕರಿಯ ಪರದೆಯ ಮೇಲೆ ಬೋರ್ಡಿನ ಹೆಸರು, ಕೆಳಗೆ ಪ್ರೊಸೆಸರಿನ ವೇಗ: ೧.೮೦. ಮಾರ್ಟಾ ತಟ್ಟನೆ ಬಗ್ಗಿ, ಡೀಟರ್‌ನ ಬೋರ್ಡಿನ ಚೀಟಿ ನೋಡಿದಳು. ಅಲ್ಲಿ ೨.೪೦ ಎಂದಿತ್ತು. ಒಂದೇ ಜಾತಿಯ ಪ್ರೊಸೆಸರ್ ಚಿಪ್ಪು.

"ಇದು ಏಕೆ ಕಡಿಮೆ ತೋರಿಸುತ್ತಿದೆ?" ಎಂದು ಡೀಟರ್ ಕೇಳಿದ.

ಆ ಸಾಲನ್ನು ನಾನು ನೂರು ಸಲ ನೋಡಿದ್ದೆ. ನೋಡಿ ಏನೂ ಅನಿಸಿರಲಿಲ್ಲ. "ಓ, ಅದಾ? ಅದು ಬೇಸಿಗೆಯ ಜಂಪರು," ಎಂದೆ.



"ಬೇಸಿಗೆಯ ಏನು?" ಎಂದಳು ಮಾರ್ಟಾ.

ನಾನು ವಿವರಿಸಿದೆ. ಮದರ್‌ಬೋರ್ಡಿನ ಮೇಲೆ ಹಲ್ಲಿನಂಥ ಚಿಕ್ಕ ಚಿಕ್ಕ ಪಿನ್ನುಗಳಿರುತ್ತವೆ. ಅವುಗಳ ಮೇಲೆ ಕೂರುವ ಉಗುರಿನಷ್ಟು ಪ್ಲಾಸ್ಟಿಕ್ ಟೊಪ್ಪಿಗೆಗೆ ಜಂಪರ್ ಎನ್ನುತ್ತಾರೆ. ಅದನ್ನು ಒಂದು ಮನೆ ಕೆಳಗೆ ಇಳಿಸಿದರೆ ಪ್ರೊಸೆಸರು ನಿಧಾನವಾಗಿ ಓಡುತ್ತದೆ, ಕಡಿಮೆ ಕಾಯುತ್ತದೆ. ನಮ್ಮ ಬಿಸಿಲಿಗೆ ಈ ಜಾತಿಯ ಚಿಪ್ಪು ಪೂರ್ತಿ ವೇಗದಲ್ಲಿ ಓಡಿದರೆ ಮಧ್ಯಾಹ್ನದೊಳಗೆ ನಿಂತುಬಿಡುತ್ತದೆ. ಅದಕ್ಕೆ ನಾನು ಯುಗಾದಿಗೆ ಮುಂಚೆ ಒಂದು ದಿನ ಕೂತು ಎಲ್ಲ ಮಶೀನುಗಳ ಜಂಪರ್ ಇಳಿಸುತ್ತೇನೆ, ಮಳೆ ಹಿಡಿದ ಮೇಲೆ ಏರಿಸುತ್ತೇನೆ. ನಮ್ಮ ಊರಿನ ರಿಪೇರಿಯವರು ಎಷ್ಟೋ ಜನ ಹೀಗೇ ಮಾಡುತ್ತಾರೆ.

ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸತೊಡಗಿತು.

ಮಾರ್ಟಾ ನೆಲ ನೋಡುತ್ತಿದ್ದಳು. "ನನ್ನ ಗಡಿಯಾರ ಚಿಪ್ಪಿನ ಹೆಸರು ಓದುತ್ತದೆ. ಈ ಜಾತಿಯದರಲ್ಲಿ ಹೆಸರಿನಲ್ಲೇ ವೇಗ ಇರುತ್ತದೆ, ೨.೪೦ ಎಂದು. ಅದನ್ನು ನಂಬಿ ಹೊತ್ತು ಎಣಿಸುತ್ತದೆ. ಅಳೆಯುವ ಕೆಲಸ ಬಿಟ್ಟದ್ದರಿಂದಲೇ ಬೇಗ ಏಳುತ್ತದೆ. ನಿಮ್ಮದು ಓಡುತ್ತಿರುವುದು ೧.೮೦ರಲ್ಲಿ. ನಾಲ್ಕರಲ್ಲಿ ಮೂರು ಪಾಲು. ನಿಮ್ಮ ಉಳಿದ ಹತ್ತರ ಚಿಪ್ಪಿನ ಹೆಸರಿನಲ್ಲಿ ವೇಗ ಇರುವುದಿಲ್ಲ, ಅಲ್ಲಿ ಹಳೆಯ ಹಾಗೆ ಅಳೆಯುತ್ತದೆ." ಆಮೇಲೆ ತಲೆ ಎತ್ತಿದಳು. "ನಾನು ನಿಮ್ಮನ್ನು ಮೂರು ಸಲ ಕೇಳಿದೆ. ಏನಾದರೂ ಬದಲಿಸಿದ್ದೀರಾ ಎಂದು."

  ಜಂಪರ್ ಇಳಿಸುವುದು ಬದಲಾವಣೆ ಎಂದು ನನಗೆ ಆ ಗಳಿಗೆಯವರೆಗೂ ಹೊಳೆದಿರಲಿಲ್ಲ. ಮನೆಯೊಳಗೆ ಬರುವಾಗ ಚಪ್ಪಲಿ ಬಿಟ್ಟು ಬರುತ್ತೇವೆ. ಏನಾದರೂ ಬದಲಿಸಿದೆಯಾ ಎಂದು ಯಾರಾದರೂ ಕೇಳಿದರೆ ಚಪ್ಪಲಿಯ ನೆನಪಾಗುತ್ತದೆಯೇ? ಆದರೆ ಇದು ನನ್ನ ಸಮಜಾಯಿಷಿ. ಫಾರ್ಮಿನಲ್ಲಿದ್ದದ್ದು 'ಇಲ್ಲ' ಎಂಬ ಒಂದು ಮಾತು, ನನ್ನ ಹೆಸರಿನಲ್ಲಿ, ನಾಲ್ಕು ಸಲ.

ಅದೇ ಮಧ್ಯಾಹ್ನ, ಟ್ರಾಮ್ ನಿಲ್ದಾಣದ ಫೋನು

ಉಳಿದ ಹತ್ತು ಮಶೀನುಗಳ ಸ್ಥಿತಿ ಏನು ಎಂದು ಡೀಟರ್ ಕೇಳಿದ್ದ. ಹೊರಗೆ ಹೋಗಿ ಅಂಗಡಿಗೆ ಫೋನ್ ಹಚ್ಚಿದೆ. ಅಲ್ಲಿ ಸಂಜೆಯಾಗಿತ್ತು, ಹಿಂದೆ ಆಟೋಗಳ ಹಾರ್ನು ಕೇಳಿಸಿತು. ಎರಡು ದಿನದ ಮೇಲೆ ಕಿವಿ ಬಿಟ್ಟಂತಾಯಿತು.

"ಬೋಲೋ ಭಾಯ್! ಗೆದ್ದಿಯೇನು?" ಎಂದ ಅನ್ವರ್.

"ಮಳಿ ಆದಮ್ಯಾಲ ಜಂಪರ್ ಮ್ಯಾಲ ಹಾಕಿದ್ವೇನು?"

"ಯಾವ ಮಳಿ? ಈ ಸಾರಿ ಗಣಪ್ತಿ ತನಕಾ ಧಗಿ ಇತ್ತು. ಆಮ್ಯಾಲ ನೀ ವೀಸಾ ವೀಸಾ ಅಂತ ತಿರಗಾಕ್ ಹತ್ತಿದಿ. ಯಾರ್ ಹಾಕ್ತಾರ?"

"ಹನ್ನೊಂದೂ ಕೆಳಗ ಅವ ಅಂದಂಗಾತು."

"ಹೌದಲ್ಲ. ನೀನೇ ಇಳಸ್ದಿ, ನಾ ಬ್ಯಾಟ್ರಿ ಹಿಡಕೊಂಡು ನಿಂತಿದ್ದೆ. ಯಾಕ, ಏನಾತು?"

ಹೇಳಿದೆ.  

"ಅಂದ್ರ ಆ ಪೋರಿದು ಆರ್ ತಿಂಗಳು ನಾವೇ ತಿಂದ್ವಿ?"

"ನಾವಲ್ಲ, ನಾನು. ಫಾರ್ಮ್ ಬರ್ಸಿದವ ನಾನು."

"ಕಟ್ಟಿ ಮ್ಯಾಲ ಕುಂತು ಮೀಸಿ ತಿರುವ್ತಿದ್ದಿ ನೋಡು, 'ನನ್ನ ಕೇಳ್ದೆ ಏನೂ ಒಳಗ ಹೋಗಂಗಿಲ್ಲ' ಅಂತ," ಎಂದ ಅನ್ವರ್. ಆಮೇಲೆ ದನಿ ಇಳಿಸಿ, "ಮತ್ತ ಈಗ ಏನ್ ಮಾಡ್ತಿ? ಸುಮ್ ಇದ್ದು ಬಂದಬಿಡ್ತಿಯೇನು?"

"ಒಂದ್ ಮಾತು ಹೇಳೂದು ಅದ. ಹೇಳಿ ಬರ್ತೀನಿ."

ಶನಿವಾರ

ಬೆಳಗಿನ ಸಭೆಯಲ್ಲಿ ಡೀಟರ್ ವಿಷಯವನ್ನು ಎರಡು ವಾಕ್ಯದಲ್ಲಿ ಮುಗಿಸಿದ. ಏಳನೇ ಮಶೀನು ಬದಲಾಯಿಸಿದ್ದು, ಅದರ 'ಇಲ್ಲ' ಲೆಕ್ಕಕ್ಕಿಲ್ಲ. ಮಾರ್ಟಾಳ ಪ್ಯಾಚ್ ಇವತ್ತೇ ಒಳಗೆ ಹೋಗಲಿ. ಯಾರಿಗಾದರೂ ಆಕ್ಷೇಪ ಇದೆಯೇ?

ನಾನು ಎದ್ದು ನಿಂತೆ. 

"ಫಾರ್ಮಿನಲ್ಲಿ ನಾನು ಬರೆಸಿದ್ದು ತಪ್ಪು. ಇವಳ ಆರು ತಿಂಗಳು ನನ್ನಿಂದ ಹೋಯಿತು. ನನ್ನ ಮಶೀನುಗಳನ್ನು ಪಟ್ಟಿಯಿಂದ ತೆಗೆಯುವುದಾದರೆ ತೆಗೆಯಿರಿ, ನಾನು ಕೇಳುವುದಿಲ್ಲ. ಆದರೆ ಒಂದು ಮಾತು. ನಮ್ಮ ಕಡೆ ಬೇಸಿಗೆಯಲ್ಲಿ ಜಂಪರ್ ಇಳಿಸದ ಹಳೆಯ ಮಶೀನು ಸಿಗುವುದು ಕಷ್ಟ. ಈ ಗಡಿಯಾರ ಹೀಗೇ ಒಳಗೆ ಹೋದರೆ ಯುಗಾದಿಯಿಂದ ಮಳೆಗಾಲದವರೆಗೆ ಅವುಗಳಲ್ಲಿ ಈ ಜಾತಿಯ ಚಿಪ್ಪಿನವೆಲ್ಲ ಹಿಂದೆ ಬೀಳುತ್ತವೆ. ನಾನು ಆಗ ಮತ್ತೆ 'ಇಲ್ಲ' ಎಂದೇ ಬರೆಯುತ್ತೇನೆ. ಈ ಸಲ ಜಂಪರ್ ಇಳಿದಿದೆ ಎಂದೂ ಬರೆಯುತ್ತೇನೆ."

ಹ್ಯಾಮ್‌ಬರ್ಗಿನ ಒಬ್ಬ ತರುಣ ನಕ್ಕ. "ಯಾರೋ ಪಿನ್ನು ಎಳೆದಾಡಿದ್ದಕ್ಕೆಲ್ಲ ನಾವು ಜವಾಬ್ದಾರರೇ?" ಎಂದ. ಇನ್ನೊಬ್ಬ, ಬಳಸುವವರು ಹಾಗೇ ಬಳಸುತ್ತಿದ್ದರೆ ನಾವು ನೋಡಬೇಕಲ್ಲ ಎಂದ. ಹಾಗೆ ಅರ್ಧ ಗಂಟೆ ಜಗ್ಗಾಡಿದರು. ಜೋರು ದನಿ ಯಾರದೂ ಇಲ್ಲ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ತೆರೆಯುವುದಿಲ್ಲ. ನಮ್ಮ ಊರ ಕಟ್ಟೆಯ ಮೇಲೆ ಇಷ್ಟು ಹೊತ್ತಿಗೆ ನಾಲ್ಕು ಜನ ಎದ್ದು ಹೋಗಿ ಐದು ಜನ ಬಂದು ಕೂತಿರುತ್ತಿದ್ದರು.

ಕೊನೆಗೆ ಎಲ್ಲರೂ ಮಾರ್ಟಾಳ ಕಡೆ ನೋಡಿದರು. ಪ್ಯಾಚ್ ಅವಳದು. ಇದ್ದ ಹಾಗೇ ಒಳಗೆ ಹಾಕು ಎಂದರೆ ಆಗಲೇ ಮುಗಿಯುತ್ತಿತ್ತು. ಅವಳು ನನ್ನನ್ನು ಕೇಳಿದಳು:

"ಎಷ್ಟು ಮಶೀನುಗಳಿರಬಹುದು? ಹೀಗೆ ಇಳಿಸಿದ್ದು?"

"ನಾನು ಎಣಿಸಿಲ್ಲ. ಎಣಿಸದೆ ಸಂಖ್ಯೆ ಹೇಳುವುದಿಲ್ಲ," ಎಂದೆ.

ಅವಳು ಮೊದಲ ಸಲ ಸಣ್ಣಗೆ ನಕ್ಕಳು, ಅಥವಾ ನನಗೆ ಹಾಗೆ ಕಂಡಿತು. "ನನಗೆ ನಾಳೆ ಸಂಜೆಯ ತನಕ ಹೊತ್ತಿದೆ. ಇವರು ನನ್ನ ಪಕ್ಕ ಕೂರಲಿ. ಜಂಪರ್ ಏರಿಸಿ ಇಳಿಸಲು ಒಬ್ಬರು ಬೇಕು."

ಭಾನುವಾರ

ಭಾನುವಾರ ಆ ಊರಿನಲ್ಲಿ ಒಂದು ಅಂಗಡಿಯೂ ತೆರೆಯುವುದಿಲ್ಲ. ಸಂಜೆಗೆ ಬ್ರೆಡ್ ಬೇಕಾದರೂ ಶನಿವಾರವೇ ತಂದಿಡಬೇಕಿತ್ತು, ನಮಗೆ ನೆನಪಿರಲಿಲ್ಲ. ಮಾರ್ಟಾ ಮತ್ತು ನಾನು ನೆಲಮಾಳಿಗೆಯಲ್ಲಿ ಉಳಿದ ಖಡಕ್ ರೊಟ್ಟಿ ಮುರಿದು ತಿಂದು ಕೆಲಸ ಮಾಡಿದೆವು. ಡೀಟರ್ ಚೀಟಿ ಅಂಟಿಸಿದ ಅರ್ಧವನ್ನು ಮುಟ್ಟಲು ಬಿಡಲಿಲ್ಲ.

ಅವಳು ಬರೆಯುವಳು, ನಾನು ಜಂಪರ್ ಇಳಿಸಿ ಓಡಿಸುವೆ, ಏರಿಸಿ ಓಡಿಸುವೆ, ಒಂದೊಂದು ಸಲವೂ ಕಾಗದದ ಮೇಲೆ ಬರೆದಿಡುವೆ. ಮಾತು ಕಡಿಮೆ. ಹೊಸ ಉಪಾಯ ಇಷ್ಟೇ: ಮಶೀನು ಏಳುವಾಗ ಚಿಪ್ಪಿನ ಹೆಸರು ಓದುವುದು, ಆಮೇಲೆ ಬೋರ್ಡಿನ ಮೇಲಿರುವ ಇನ್ನೊಂದು ಸಣ್ಣ ಗಡಿಯಾರದ ಜೊತೆ ಒಂದು ಚಿಟಿಕೆಯಷ್ಟು ಹೊತ್ತು ತಾಳೆ ನೋಡುವುದು. ಎರಡೂ ಕೂಡಿದರೆ ಹೆಸರನ್ನು ನಂಬುವುದು, ಕೂಡದಿದ್ದರೆ ಹಳೆಯ ರೀತಿಯಲ್ಲಿ ಅಳೆಯುವುದು. ಮೊದಲಿಗೆ ಏರಿಸಿದರೆ ಸರಿ, ಇಳಿಸಿದರೆ ಮಶೀನು ಏಳಲೇ ಇಲ್ಲ. ಒಂದು ಸಲ ನನ್ನ ಚಳಿಗಟ್ಟಿದ ಬೆರಳಿನಿಂದ ಜಂಪರು ಜಾರಿ ಕಪಾಟಿನ ಕೆಳಗೆ ಹೋಯಿತು. ಇಬ್ಬರೂ ನೆಲದ ಮೇಲೆ ಮಲಗಿ ಬ್ಯಾಟರಿ ಹಿಡಿದು ಹುಡುಕಿದೆವು.

"ಮುಂದಿನ ಸಲ ಯಾರಾದರೂ ಮೂರು ಸಲ ಕೇಳಿದರೆ, ಬೋರ್ಡಿನ ಫೋಟೋ ತೆಗೆದು ಕಳಿಸಿ. ಮಾತು ಬೇಡ," ಎಂದಳು, ನೆಲದ ಮೇಲಿನಿಂದಲೇ.

"ಕಳಿಸುತ್ತೇನೆ," ಎಂದೆ. ಕ್ಷಮೆ ಕೇಳುವ ಮಾತು ನಮ್ಮಿಬ್ಬರ ನಡುವೆ ಇಷ್ಟೇ.

ಸಂಜೆ ನಾಲ್ಕಕ್ಕೆ ಇಳಿಸಿದ ಜಂಪರಿನ ಮೇಲೆ ಕೊನೆಯ ಓಟ ಶುರು ಮಾಡಿದೆವು. ಐದಕ್ಕೆ ಡೀಟರ್ ಬಂದ. ಗೋಡೆಯ ಗಡಿಯಾರ ಐದು, ನನ್ನ ಬೋರ್ಡು ಐದು. ಜಂಪರ್ ಏರಿಸಿ ಇನ್ನೊಂದು ಗಂಟೆ ಓಡಿಸಿದೆವು, ಆರಕ್ಕೆ ಆರು. ಏಳು ಗಂಟೆಗೆ ಬಾಗಿಲು ಮುಚ್ಚುವುದಿತ್ತು. ಆರೂವರೆಗೆ ಮಾರ್ಟಾಳ ಗಡಿಯಾರ ಒಳಗೆ ಹೋಯಿತು.

ಅದಾದ ಮೇಲೆ ಡೀಟರ್ ನನ್ನನ್ನು ಬದಿಗೆ ಕರೆದು ಗುಂಪಿನ ತೀರ್ಮಾನ ಹೇಳಿದ. ನನ್ನ ಹನ್ನೊಂದೂ ಮಶೀನುಗಳನ್ನು ಪಟ್ಟಿಯಿಂದ ತೆಗೆಯಲಾಗಿದೆ. ನಾನು ಫಲಿತಾಂಶ ಕಳಿಸಬಹುದು, ಆದರೆ ನನ್ನ 'ಇಲ್ಲ' ಇನ್ನು ಯಾರನ್ನೂ ತಡೆಯುವುದಿಲ್ಲ. ಹಿಂದಿನ ಮೂರು ಬೇಸಿಗೆಗಳಲ್ಲಿ ನಾನು ಹೇಳಿದ ಪ್ರತಿ 'ಇಲ್ಲ'ವನ್ನೂ ಜಂಪರ್ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ತಿರುಗಿ ಪರೀಕ್ಷಿಸಿ ಕಳಿಸಿದರೆ, ಒಂದೊಂದೇ ಮಶೀನನ್ನು ಮತ್ತೆ ಸೇರಿಸುವ ಬಗ್ಗೆ ನೋಡುತ್ತಾರೆ. ಹೇಳುವಾಗ ಅವನ ಕಿವಿ ಕೆಂಪಾಗಿತ್ತು.

"ಸರಿಯಾಗಿದೆ," ಎಂದೆ ನಾನು. ನನ್ನ ಅಂಗಡಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೂ ಇದನ್ನೇ ಮಾಡುತ್ತಿದ್ದೆ.

ಕಲಬುರಗಿ

ಬಂದ ಮೂರನೇ ದಿನ ವಿಠಲರಾಯರ ಮನೆಗೆ ಹೋದೆ. ಹಳೆಯ ಫಾರ್ಮುಗಳ ಕಟ್ಟನ್ನು ಅವರ ಟ್ಯೂಶನ್ ಮೇಜಿನ ಮೇಲಿಟ್ಟೆ.

"ಇವನ್ನೆಲ್ಲಾ ತಿರಗಿ ಬರೀಬೇಕ್ರಿ ಸರ್."

"ಎಲ್ಲಾನೂ?" ಅವರು ಕನ್ನಡಕ ಏರಿಸಿದರು. "ಎಷ್ಟ್ ದಿವಸ ಆದೀತು ಗೊತ್ತದೇನ್ರಿ?"

"ಆಗ್ಲಿ ಬಿಡ್ರಿ."

"ಅಲ್ರೀ, ಅವ್ರೇನು ಇಲ್ಲಿ ಬಂದು ನೋಡಾಕತ್ತಾರೇನು?"

"ಅದಕ್ಕ ಬರೀಬೇಕ್ರಿ."

ಮಾಸ್ತರರು ಪೆನ್ನಿನ ಮುಚ್ಚಳ ತೆಗೆದರು.

ಹತ್ತು ತಿಂಗಳು ಹಿಡಿಯಿತು. ಆ ನಡುವೆ ಒಂದು ಬೇಸಿಗೆಯೂ ಬಂದು ಹೋಯಿತು. ಜಂಪರ್ ಇಳಿಸಿದೆ, ಇಳಿಸಿದ್ದೇನೆ ಎಂದು ಬರೆಸಿದೆ, ಫೋಟೋ ಕಳಿಸಿದೆ. ಗುಂಪಿನವರು ಪಟ್ಟಿಯ ಫಾರ್ಮಿನಲ್ಲಿ ಜಂಪರಿಗೆಂದೇ ಒಂದು ಪ್ರಶ್ನೆ ಸೇರಿಸಿದ್ದಾರೆ. ಈಗ ಜಗತ್ತಿನ ಎಲ್ಲರೂ ಅದನ್ನು ತುಂಬಬೇಕು.

ಇಂದಿಗೆ ನನ್ನ ಹತ್ತಿರ ಇರುವುದು ಇಷ್ಟು. ಮಶೀನು ಹನ್ನೊಂದು. ತಿರುಗಿ ಪರೀಕ್ಷಿಸಿದ ಹಳೆಯ 'ಇಲ್ಲ'ಗಳು ಅರವತ್ತನಾಲ್ಕು. ಅವುಗಳಲ್ಲಿ ನನ್ನ ಜಂಪರಿನಿಂದ ಆದವು ಹದಿಮೂರು. ಹಿಂತೆಗೆದುಕೊಂಡಿದ್ದೇನೆ, ಹದಿಮೂರು ಜನರಿಗೂ ಬೇರೆ ಬೇರೆಯಾಗಿ ಪತ್ರ ಬರೆದಿದ್ದೇನೆ. ಉತ್ತರ ಕೊಟ್ಟವರು ಒಂಬತ್ತು. ಸರಿಯೆಂದು ನಿಂತ 'ಇಲ್ಲ'ಗಳು ಐವತ್ತೊಂದು. ಪಟ್ಟಿಗೆ ಮರಳಿ ಸೇರಿದ ಮಶೀನುಗಳು ಏಳು, ಇನ್ನೂ ಹೊರಗಿರುವುದು ನಾಲ್ಕು.